ಅರ್ಧ ಮುರಿದ ತಿರುಪು, ಜೋರಾಗಿ ಓಡಿದ ದೋಣಿ: ಔಟ್‌ಬೋರ್ಡ್ ಎಂಜಿನ್‌ಗೆ ಫ್ಯಾನ್ ಆರಿಸುವ ಲೆಕ್ಕ ಎಲ್ಲಿಂದ ಬಂತು?

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್ ಟ್ರೇನಲ್ಲೋ ಮೆಟ್ರೋದಲ್ಲೋ ಕಂಪನಿ ಕ್ಯಾಬಲ್ಲೋ ಕೂತು ಓದುವವರಿಗೆ ಅನುಕೂಲವಾಗಲಿ ಅಂತ ಸ್ವಲ್ಪ ತಿದ್ದಿ, ಕೆಲವು ಕಡೆ ಹಿಗ್ಗಿಸಿ ಬರೆದಿದ್ದೇನೆ.

ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ದಡಕ್ಕೆ ಎಳೆದಿಟ್ಟ ನಾಡದೋಣಿಯ ಹಿಂಬದಿ ನೋಡಿ. ಅಲ್ಲಿ ನೇತಾಡುವ ಔಟ್‌ಬೋರ್ಡ್ ಎಂಜಿನ್ನಿನ ತುದಿಯಲ್ಲಿ ಮೂರು ರೆಕ್ಕೆಯ ಒಂದು ಲೋಹದ ಹೂವು ಇರುತ್ತೆ. ಪುಸ್ತಕದಲ್ಲಿ ಅದು ಪ್ರೊಪೆಲ್ಲರ್. ಕರಾವಳಿಯಲ್ಲಿ ಅದು ಫ್ಯಾನ್. ‘ಫ್ಯಾನಿಗೆ ಬಲೆ ಸಿಕ್ಕಿಹಾಕಿಕೊಂಡಿತು’ ಅನ್ನೋ ಸುದ್ದಿ ಪೇಪರಿನಲ್ಲಿ ನೀವೂ ಓದಿರುತ್ತೀರಿ. ಆ ಫ್ಯಾನಿನ ಮೇಲೆ ಸಾಮಾನ್ಯವಾಗಿ ಎರಡು ಸಂಖ್ಯೆ ಒತ್ತಿರುತ್ತಾರೆ. ಉದಾಹರಣೆಗೆ 11 × 13. ಮೊದಲನೆಯದು ವ್ಯಾಸ, 11 ಇಂಚು. ಎರಡನೆಯದು ಪಿಚ್, 13 ಇಂಚು. ಅಂದ್ರೆ ಮರದೊಳಗೆ ತಿರುಪುಮೊಳೆ ಹೋಗುವ ಹಾಗೆ, ನೀರು ಒಂಚೂರೂ ಜಾರದೆ ಗಟ್ಟಿಯಾಗಿ ನಿಂತಿದ್ದರೆ, ಫ್ಯಾನ್ ಒಂದು ಸುತ್ತಿಗೆ 13 ಇಂಚು, ಸುಮಾರು 33 ಸೆಂಟಿಮೀಟರ್ ಮುಂದೆ ಹೋಗಬೇಕು.

ಈ ಎರಡು ಸಂಖ್ಯೆ ತಪ್ಪಾದರೆ ಏನಾಗುತ್ತೆ? ದೋಣಿ ಓಡುತ್ತೆ. ಮುಳುಗೋದಿಲ್ಲ, ನಿಲ್ಲೋದೂ ಇಲ್ಲ. ಆದರೆ ಪ್ರತಿದಿನ ಎಣ್ಣೆ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಎಂಜಿನ್ ಸ್ವಲ್ಪ ಬೇಗ ಸವೆಯುತ್ತೆ. ದುಡ್ಡು ಸೋರ್ತಾ ಇದೆ, ಎಲ್ಲಿ ಅಂತ ಕಾಣೋದಿಲ್ಲ. ಹಾಗಾಗಿಯೇ ಈ ಎರಡು ಸಂಖ್ಯೆಗಳ ಹಿಂದಿನ ಕಥೆ ಹೇಳೋಣ ಅನ್ನಿಸಿತು. ಕಥೆ ಶುರುವಾಗೋದು ಸಮುದ್ರದಲ್ಲಲ್ಲ, ಲಂಡನ್ನಿನ ಒಂದು ಕಾಲುವೆಯಲ್ಲಿ.

ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಅನ್ನೋನು ಎಂಜಿನಿಯರ್ ಅಲ್ಲ, ರೈತ. ಲಂಡನ್ ಪಕ್ಕದ ಹೆಂಡನ್‌ನಲ್ಲಿ ಬೇಸಾಯ ಮಾಡಿಕೊಂಡಿದ್ದ. ಆಟದ ದೋಣಿ ಮಾಡುವ ಗೀಳು. ಸ್ಪ್ರಿಂಗ್ ಸುತ್ತಿ ಬಿಟ್ಟರೆ ತಿರುಪಿನ ಬಲದಿಂದ ಓಡುವ ಒಂದು ಪುಟ್ಟ ದೋಣಿ ಮಾಡಿ ಕೊಳದಲ್ಲಿ ಬಿಟ್ಟು ನೋಡಿದ. ಚೆನ್ನಾಗಿ ಓಡಿತು. 1836ರ ಮೇ 31ಕ್ಕೆ ಪೇಟೆಂಟ್ ತಗೊಂಡ. ಅದೇ ವರ್ಷ ಜುಲೈ 13ಕ್ಕೆ, ಅಂದ್ರೆ ಆರು ವಾರ ಬಿಟ್ಟು, ಸ್ವೀಡನ್ನಿನಿಂದ ಬಂದು ಲಂಡನ್ನಿನಲ್ಲಿದ್ದ ಜಾನ್ ಎರಿಕ್ಸನ್ ತನ್ನದೇ ಬೇರೆ ವಿನ್ಯಾಸಕ್ಕೆ ಪೇಟೆಂಟ್ ತಗೊಂಡ. ಇಬ್ಬರೂ ಮೊದಲಿಗರಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. 1776ರಲ್ಲೇ ಅಮೆರಿಕದ ಡೇವಿಡ್ ಬುಶ್ನೆಲ್ ‘ಟರ್ಟಲ್’ ಎಂಬ ಒಬ್ಬನೇ ಕೂರುವ ಜಲಾಂತರ್ಗಾಮಿಗೆ ಕೈಯಲ್ಲಿ ತಿರುಗಿಸುವ ತಿರುಪು ಹಾಕಿದ್ದ. ಟ್ರಿಯೆಸ್ಟ್‌ನಲ್ಲಿ ಅರಣ್ಯಾಧಿಕಾರಿಯಾಗಿದ್ದ ಯೋಸೆಫ್ ರೆಸೆಲ್ 1829ರಲ್ಲಿ ‘ಚಿವೆಟ್ಟಾ’ ಎಂಬ ಹಡಗನ್ನು ತಿರುಪಿನಿಂದ ಓಡಿಸಿದ್ದ. ಪರೀಕ್ಷೆಯ ಮಧ್ಯೆ ಉಗಿಯ ಪೈಪು ಒಡೆಯಿತು, ಪೊಲೀಸರು ಬಂದು ‘ಇನ್ನು ಸಾಕು’ ಅಂದರು. ಅವನ ಕಥೆ ಅಲ್ಲಿಗೆ ನಿಂತಿತು. ತಿರುಪಿನಲ್ಲಿ ತಪ್ಪಿರಲಿಲ್ಲ, ಪೈಪಿನಲ್ಲಿತ್ತು. ಪ್ರೊಡಕ್ಷನ್‌ನಲ್ಲಿ ಯಾರದ್ದೋ ಮಾಡ್ಯೂಲ್ ಬಿದ್ದು ನಿಮ್ಮ ಪ್ರಾಜೆಕ್ಟ್ ಮುಚ್ಚಿದ ಅನುಭವ ಇದ್ದವರಿಗೆ ರೆಸೆಲ್ ಅರ್ಥವಾಗ್ತಾನೆ.

ಸ್ಮಿತ್ ಆರು ಟನ್ನಿನ ಒಂದು ದೋಣಿ ಕಟ್ಟಿಸಿ ಪ್ಯಾಡಿಂಗ್ಟನ್ ಕಾಲುವೆಗೆ ಇಳಿಸಿದ. ಅದಕ್ಕೆ ಹಾಕಿದ್ದು ಮರದ ತಿರುಪು. ನಾವು ಇವತ್ತು ಕಲ್ಪಿಸಿಕೊಳ್ಳುವ ರೆಕ್ಕೆಗಳಲ್ಲ. ಕಾರ್ಕ್ ತೆಗೆಯುವ ಸುರುಳಿಯ ಹಾಗೆ ದಂಡದ ಸುತ್ತ ಪೂರ್ತಿ ಎರಡು ಸುತ್ತು ಬರುವ ಉದ್ದನೆಯ ಸುರುಳಿ. ಜಾಸ್ತಿ ಸುರುಳಿ ಇದ್ದರೆ ನೀರನ್ನು ಜಾಸ್ತಿ ಹಿಡಿಯುತ್ತೆ ಅನ್ನೋದು ಆಗಿನ ನಂಬಿಕೆ. ತಪ್ಪು ಅಂತ ಹೇಳೋಕೆ ಯಾರ ಹತ್ತಿರವೂ ಸಿದ್ಧಾಂತ ಇರಲಿಲ್ಲ. 1837ರ ಫೆಬ್ರವರಿಯಲ್ಲಿ ಕಾಲುವೆಯಲ್ಲಿ ಓಡುತ್ತಿದ್ದಾಗ ತಿರುಪು ಏನಕ್ಕೋ ತಾಗಿ ಅರ್ಧ ಮುರಿದುಬಿತ್ತು. ಎರಡು ಸುತ್ತಿನಲ್ಲಿ ಒಂದು ಸುತ್ತು ಮಾತ್ರ ಉಳಿಯಿತು. ದೋಣಿ ನಿಧಾನವಾಗಬೇಕಿತ್ತಲ್ಲ? ಥಟ್ಟನೆ ವೇಗ ಜಾಸ್ತಿಯಾಯಿತು.

ಈ ಕಥೆಯನ್ನು ಎಲ್ಲರೂ ‘ಅದೃಷ್ಟದ ಆಕಸ್ಮಿಕ’ ಅಂತ ಹೇಳಿ ಮುಗಿಸ್ತಾರೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತೆ. ತಿರುಪು ಮುರಿಯೋದು ಆಕಸ್ಮಿಕ. ಮುರಿದದ್ದನ್ನು ರಿಪೇರಿ ಮಾಡಿ ಮೊದಲಿನ ಹಾಗೇ ಎರಡು ಸುತ್ತು ಹಾಕದೆ, ‘ಇದೇ ಸರಿ’ ಅಂತ ಒಂದೇ ಸುತ್ತಿನ ಲೋಹದ ತಿರುಪು ಮಾಡಿಸಿದ್ದು ಆಕಸ್ಮಿಕ ಅಲ್ಲ. ತನ್ನ ಪೇಟೆಂಟಿನ ಚಿತ್ರಕ್ಕಿಂತ ಕಾಲುವೆಯ ನೀರಿನ ಮಾತು ದೊಡ್ಡದು ಅಂತ ಒಪ್ಪೋಕೆ ಒಂದು ಗುಣ ಬೇಕು.

ಕಾರಣ ಈಗ ನಮಗೆ ಗೊತ್ತಿದೆ. ಸುರುಳಿಯ ಮೊದಲ ಭಾಗ ನೀರನ್ನು ಹಿಂದಕ್ಕೆ ತಳ್ಳಿ, ಜೊತೆಗೆ ಸುತ್ತುವಂತೆಯೂ ಮಾಡಿರುತ್ತೆ. ಹಿಂದಿನ ಭಾಗಕ್ಕೆ ಸಿಗೋದು ಆಗಲೇ ಓಡುತ್ತಿರುವ ನೀರು. ಅದನ್ನು ಮತ್ತೆ ತಳ್ಳಿ ಸಿಗುವ ಲಾಭ ಕಡಿಮೆ. ಆದರೆ ಆ ಉದ್ದನೆಯ ಮೈ ನೀರಿಗೆ ಉಜ್ಜುವ ಘರ್ಷಣೆ ಮಾತ್ರ ಪೂರ್ತಿ. ಹಾಗಾಗಿ ಬೇಕಾಗಿರೋದು ಉದ್ದನೆಯ ಸುರುಳಿ ಅಲ್ಲ, ಅದರದ್ದೊಂದು ಸಣ್ಣ ತುಣುಕು. ಇವತ್ತಿನ ಫ್ಯಾನಿನ ಒಂದೊಂದು ರೆಕ್ಕೆಯೂ ಅಂಥ ಒಂದು ತುಣುಕೇ.

ಎರಿಕ್ಸನ್ ಕಥೆ ಬೇರೆ ದಾರಿ ಹಿಡಿಯಿತು. 1837ರಲ್ಲಿ ಥೇಮ್ಸ್ ನದಿಯಲ್ಲಿ ಬ್ರಿಟಿಷ್ ನೌಕಾಡಳಿತದ ದೊರೆಗಳನ್ನೇ ಬಾರ್ಜ್‌ನಲ್ಲಿ ಕೂರಿಸಿ ತನ್ನ ತಿರುಪಿನ ದೋಣಿಯಿಂದ ಎಳೆದುಕೊಂಡು ಹೋಗಿ ತೋರಿಸಿದ. ಸವಾರಿ ಚೆನ್ನಾಗಿಯೇ ಆಯಿತು. ದೊರೆಗಳು ಒಪ್ಪಲಿಲ್ಲ. ಹಿಂದಿನಿಂದ ತಳ್ಳಿದರೆ ಹಡಗು ಚುಕ್ಕಾಣಿಗೆ ಬಗ್ಗೋದಿಲ್ಲ ಅನ್ನೋದು ನೌಕಾಡಳಿತದ ಸರ್ವೇಯರ್ ಸರ್ ವಿಲಿಯಂ ಸೈಮಂಡ್ಸ್ ಅಭಿಪ್ರಾಯ. ಅವರೆಲ್ಲ ಕೂತಿದ್ದ ಬಾರ್ಜ್ ಆಗಷ್ಟೇ ಚೆನ್ನಾಗಿ ತಿರುಗಿ ದಡಕ್ಕೆ ಬಂದಿತ್ತು ಅನ್ನೋದು ಬೇರೆ ಮಾತು. ಎರಿಕ್ಸನ್ 1839ರಲ್ಲಿ ಅಮೆರಿಕಕ್ಕೆ ಹೊರಟುಹೋದ. ಅಲ್ಲಿ ಅವನು ಕಟ್ಟಿದ ‘ಮಾನಿಟರ್’ ಎಂಬ ಕಬ್ಬಿಣದ ಯುದ್ಧನೌಕೆ 1862ರಲ್ಲಿ ಹೆಸರು ಮಾಡಿತು.

ಇತ್ತ ಸ್ಮಿತ್ ಬೆಂಬಲಿಗರು ಕಂಪನಿ ಮಾಡಿ ‘ಆರ್ಕಿಮಿಡೀಸ್’ ಎಂಬ 237 ಟನ್ನಿನ ಹಡಗು ಕಟ್ಟಿದರು. 1840ರ ಮೇನಲ್ಲಿ ಅದು ಬ್ರಿಸ್ಟಲ್‌ಗೆ ಬಂತು. ಅಲ್ಲಿ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ‘ಗ್ರೇಟ್ ಬ್ರಿಟನ್’ ಎಂಬ ದೈತ್ಯ ಕಬ್ಬಿಣದ ಹಡಗು ಕಟ್ಟುತ್ತಿದ್ದ. ಎರಡೂ ಪಕ್ಕಕ್ಕೆ ನೀರು ಬಡಿಯುವ ದೊಡ್ಡ ಚಕ್ರ ಹಾಕೋದು ಅಂತ ತೀರ್ಮಾನವಾಗಿತ್ತು, ಎಂಜಿನ್ ಕೆಲಸವೂ ಶುರುವಾಗಿತ್ತು. ಬ್ರೂನೆಲ್ ಆರ್ಕಿಮಿಡೀಸ್ ಹಡಗನ್ನು ಕೆಲವು ತಿಂಗಳು ತನ್ನ ಕಡೆ ಇಟ್ಟುಕೊಂಡು, ಬೇರೆ ಬೇರೆ ಆಕಾರದ ತಿರುಪು ಹಾಕಿ ಹಾಕಿ ನೋಡಿದ. ಅಕ್ಟೋಬರ್‌ನಲ್ಲಿ ವರದಿ ಬರೆದ. ಡಿಸೆಂಬರ್‌ನಲ್ಲಿ ಕಂಪನಿ ಚಕ್ರ ಬಿಟ್ಟು ತಿರುಪಿಗೆ ಬದಲಾಯಿತು. ತಮಾಷೆ ಅಂದ್ರೆ, ಆ ಚಕ್ರಕ್ಕೆ ಬೇಕಾದ ಭಾರೀ ದಂಡವನ್ನು ಬಡಿದು ಮಾಡುವ ಸುತ್ತಿಗೆ ಎಲ್ಲೂ ಇಲ್ಲ ಅಂತ ಕೇಳಿದ್ದಕ್ಕೇ ಜೇಮ್ಸ್ ನಾಸ್ಮಿತ್ ಉಗಿಸುತ್ತಿಗೆಯ ವಿನ್ಯಾಸ ಮಾಡಿದ್ದ. ದಂಡವೇ ಬೇಡವಾಯಿತು. ಸುತ್ತಿಗೆ ಮಾತ್ರ ಮುಂದೆ ಜಗತ್ತಿನ ಕಾರ್ಖಾನೆಗಳಿಗೆಲ್ಲ ಹೋಯಿತು.

1843ರಲ್ಲಿ ನೀರಿಗಿಳಿದ ಗ್ರೇಟ್ ಬ್ರಿಟನ್‌ಗೆ ಆರು ರೆಕ್ಕೆಯ ಫ್ಯಾನ್ ಇತ್ತು. ನ್ಯೂಯಾರ್ಕ್ ಪ್ರಯಾಣಗಳಲ್ಲಿ ರೆಕ್ಕೆಗಳು ಮುರಿದುಬಿದ್ದವು, ನಾಲ್ಕು ರೆಕ್ಕೆಯ ಗಟ್ಟಿಮುಟ್ಟಾದದ್ದು ಹಾಕಿದರು. ಅಷ್ಟು ಜಾಣನಿಗೂ ಮೊದಲ ಸಲಕ್ಕೇ ಸರಿಯಾದ ಫ್ಯಾನ್ ಸಿಗಲಿಲ್ಲ.

ಈಗ ‘ರ‍್ಯಾಟ್ಲರ್’ ಕಥೆ. ಪ್ರೊಪೆಲ್ಲರ್ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಇದರ ಚಿತ್ರ ಎಲ್ಲೋ ಕಂಡಿರುತ್ತೆ. ಎರಡು ಹಡಗು ಬೆನ್ನಿಗೆ ಬೆನ್ನು ಮಾಡಿ ಹಗ್ಗ ಕಟ್ಟಿಕೊಂಡು ಎಳೆದಾಡ್ತಾ ಇವೆ, ಒಂದರ ಪಕ್ಕದಲ್ಲಿ ಚಕ್ರ ನೊರೆ ಎಬ್ಬಿಸ್ತಾ ಇದೆ. 1845ರ ಏಪ್ರಿಲ್ 3. ತಿರುಪಿನ ರ‍್ಯಾಟ್ಲರ್, ಚಕ್ರದ ‘ಅಲೆಕ್ಟೋ’. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಅಲೆಕ್ಟೋ ಪೂರ್ತಿ ಬಲ ಹಾಕಿ ಎಳೆಯುತ್ತಿದ್ದರೂ ರ‍್ಯಾಟ್ಲರ್ ಅದನ್ನು ಎರಡೂವರೆ ನಾಟ್‌ಗಿಂತ ಹೆಚ್ಚು ವೇಗದಲ್ಲಿ ಹಿಂದಕ್ಕೆಳೆದುಕೊಂಡು ಹೋಯಿತು. ನೌಕಾಡಳಿತದವರು ಆಗಲೇ ತಿರುಪಿನ ಹಡಗುಗಳಿಗೆ ಆರ್ಡರ್ ಕೊಟ್ಟಿದ್ದರು. ಹಾಗಾಗಿ ಈ ಹಗ್ಗಜಗ್ಗಾಟ ತೀರ್ಮಾನಕ್ಕಲ್ಲ, ಜನಕ್ಕೆ ತೋರಿಸೋಕೆ. ಇಂಥ ಡೆಮೋ ನಿಮಗೂ ಹೊಸದಲ್ಲ ಬಿಡಿ.

ನಿಜವಾದ ಕೆಲಸ ನಡೆದದ್ದು ಅದಕ್ಕೂ ಮೊದಲಿನ ಒಂದೂವರೆ ವರ್ಷದಲ್ಲಿ. ಅದೇ ಹಡಗಿಗೆ ಸ್ಮಿತ್‌ದು, ಎರಿಕ್ಸನ್‌ದು, ಬೆನೆಟ್ ವುಡ್‌ಕ್ರಾಫ್ಟ್‌ದು, ಇನ್ನೂ ಹಲವರದು ಅಂತ ಒಂದಾದ ಮೇಲೊಂದು ತಿರುಪು ಹಾಕಿ ಓಡಿಸಿ ಅಳೆದರು. ಸ್ಮಿತ್ ತಿರುಪಿನ ಉದ್ದವನ್ನು ಹಂತಹಂತವಾಗಿ ಕತ್ತರಿಸುತ್ತಾ ಹೋದರು. ಕೊನೆಗೆ ಗೆದ್ದದ್ದು ಎರಡೇ ರೆಕ್ಕೆಯ, ಗಿಡ್ಡನೆಯ ಒಂದು ತುಣುಕು. ಕಾಲುವೆಯಲ್ಲಿ ತಾನಾಗಿ ಮುರಿದದ್ದನ್ನು ಇಲ್ಲಿ ಬೇಕಂತಲೇ ಮುರಿದರು ಅನ್ನಿ.

ಹಗ್ಗಜಗ್ಗಾಟದಲ್ಲಿ ಇನ್ನೊಂದು ವಿಷಯ ಇದೆ. ಅವತ್ತು ರ‍್ಯಾಟ್ಲರ್ ಎಂಜಿನ್ ನಿಜಕ್ಕೂ ಕೊಟ್ಟ ಶಕ್ತಿ ಅಲೆಕ್ಟೋದಕ್ಕಿಂತ ತುಂಬಾ ಹೆಚ್ಚಿತ್ತು. ‘ಹಾಗಾದ್ರೆ ಅದು ಮೋಸದ ಪಂದ್ಯ’ ಅಂತ ಆಮೇಲೆ ಬಹಳ ಜನ ಬರೆದಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಲೆಕ್ಟೋ ಎಂಜಿನ್ ಯಾಕೆ ಕಡಿಮೆ ಶಕ್ತಿ ಕೊಟ್ಟಿತು ಅಂತ ಕೇಳಬೇಕು. ಮುಂದೆ ಹೋಗಲಾಗದ ಹಡಗಿನಲ್ಲಿ ಆ ದೊಡ್ಡ ಚಕ್ರಗಳು ನೀರನ್ನು ಕಷ್ಟಪಟ್ಟು ನೂಕುತ್ತಾ ನಿಧಾನವಾದವು. ಚಕ್ರ ನಿಧಾನವಾದರೆ ಎಂಜಿನ್ನೂ ನಿಧಾನ. ಸುತ್ತು ಕಡಿಮೆಯಾದರೆ ಎಂಜಿನ್ ಕೊಡುವ ಶಕ್ತಿಯೂ ಕಡಿಮೆ. ಒಳಗೆ ಶಕ್ತಿ ಇದೆ, ಹೊರಗೆ ಬರೋಕೆ ದಾರಿ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಔಟ್‌ಬೋರ್ಡ್‌ಗೆ ತಪ್ಪು ಫ್ಯಾನ್ ಹಾಕಿದಾಗ ಆಗೋದು ಇದೇ.

ಸ್ಮಿತ್‌ಗೆ ಇದರಿಂದ ದುಡ್ಡೇನೂ ಆಗಲಿಲ್ಲ. ಕಂಪನಿ ನಷ್ಟದಲ್ಲಿ ಮುಗಿಯಿತು. ಗರ್ನ್ಸಿ ದ್ವೀಪಕ್ಕೆ ಹೋಗಿ ಮತ್ತೆ ಬೇಸಾಯ ಹಿಡಿದ. 1860ರಲ್ಲಿ ಲಂಡನ್ನಿನ ಪೇಟೆಂಟ್ ಮ್ಯೂಸಿಯಂನಲ್ಲಿ ಕ್ಯುರೇಟರ್ ಕೆಲಸ ಸಿಕ್ಕಿತು. 1871ರಲ್ಲಿ ಸರ್ ಪದವಿ.

ಆಮೇಲಿನ ಐವತ್ತು ವರ್ಷವನ್ನು ಬೇಗ ದಾಟಿಸ್ತೀನಿ. ವಿಲಿಯಂ ರ‍್ಯಾಂಕಿನ್ 1865ರಲ್ಲಿ, ಫ್ಯಾನ್ ಅಂದ್ರೆ ನೀರನ್ನು ಹಿಂದಕ್ಕೆ ಎಸೆದು ಅದರ ಪ್ರತಿಬಲದಿಂದ ಮುಂದೆ ಹೋಗುವ ಸಾಧನ ಅಂತ ಗಣಿತಕ್ಕೆ ಇಳಿಸಿದ. ಇದರಿಂದ ಒಂದು ಮುಖ್ಯ ಮಾತು ಹೊರಬಿತ್ತು. ನೀರು ಹಿಂದಕ್ಕೆ ಜಾರದಿದ್ದರೆ ತಳ್ಳುಬಲವೇ ಇಲ್ಲ. 13 ಇಂಚಿನ ಪಿಚ್ ಅಂದರೂ ದೋಣಿ 13 ಇಂಚು ಹೋಗೋದಿಲ್ಲ, 10 ಇಂಚೋ 11 ಇಂಚೋ ಹೋಗುತ್ತೆ. ಆ ವ್ಯತ್ಯಾಸಕ್ಕೆ ಸ್ಲಿಪ್ ಅಂತಾರೆ. ‘ಸ್ಲಿಪ್ ಸೊನ್ನೆ ಮಾಡುವ ಫ್ಯಾನ್’ ಅಂತ ಯಾರಾದ್ರೂ ಮಾರೋಕೆ ಬಂದರೆ ಬಾಗಿಲು ಹಾಕಿಕೊಳ್ಳಿ. ಸ್ಲಿಪ್ ಇರಲೇಬೇಕು, ಅತಿಯಾಗಬಾರದು. ಇನ್ನೊಂದು ಮಾತೂ ಅದೇ ಗಣಿತದಿಂದ ಬಂತು. ಸ್ವಲ್ಪ ನೀರನ್ನು ಜೋರಾಗಿ ಎಸೆಯೋದಕ್ಕಿಂತ ಬಹಳ ನೀರನ್ನು ಮೆಲ್ಲಗೆ ತಳ್ಳೋದು ಕಡಿಮೆ ಶಕ್ತಿಯ ಕೆಲಸ. ಅಂದ್ರೆ ಭಾರದ, ನಿಧಾನದ ದೋಣಿಗೆ ಅಗಲವಾದ ಫ್ಯಾನ್ ಒಳ್ಳೆಯದು.

1890ರ ದಶಕದಲ್ಲಿ ಹೊಸ ತೊಂದರೆ ಬಂತು. ಚಾರ್ಲ್ಸ್ ಪಾರ್ಸನ್ಸ್ ತನ್ನ ಉಗಿ ಟರ್ಬೈನ್ ತೋರಿಸೋಕೆ ‘ಟರ್ಬೀನಿಯಾ’ ಕಟ್ಟಿದ. 1894ರ ಮೊದಲ ಓಟದಲ್ಲಿ ವೇಗ ಬರಲೇ ಇಲ್ಲ. ಟರ್ಬೈನ್ ತಪ್ಪೋ ಫ್ಯಾನ್ ತಪ್ಪೋ? ದಂಡ ಎಷ್ಟು ತಿರುಚುತ್ತೆ ಅಂತ ಅಳೆಯುವ ಒಂದು ಸಾಧನ ಮಾಡಿ ನೋಡಿದ. ಟರ್ಬೈನ್ ಶಕ್ತಿ ಕೊಡ್ತಾ ಇದೆ, ಫ್ಯಾನ್ ಅದನ್ನು ನೀರಿಗೆ ದಾಟಿಸ್ತಾ ಇಲ್ಲ ಅಂತ ಗೊತ್ತಾಯಿತು. ಅತಿ ವೇಗದಲ್ಲಿ ತಿರುಗುವ ರೆಕ್ಕೆಯ ಮುಂಬದಿಯಲ್ಲಿ ಒತ್ತಡ ಎಷ್ಟು ಇಳಿಯುತ್ತೆ ಅಂದ್ರೆ ತಣ್ಣೀರೇ ಕುದಿದು ಆವಿಯ ಗುಳ್ಳೆಯಾಗುತ್ತೆ. ರೆಕ್ಕೆಗೆ ಹಿಡಿಯೋಕೆ ನೀರೇ ಇಲ್ಲ. ಗುಳ್ಳೆಗಳು ಒಡೆಯುವಾಗ ಲೋಹವನ್ನೂ ಕಿತ್ತು ಹಾಕುತ್ತವೆ. ಇದೇ ಕ್ಯಾವಿಟೇಶನ್. ಪಾರ್ಸನ್ಸ್ ಒಂದು ದಂಡ ತೆಗೆದು ಮೂರು ದಂಡ, ಒಂದೊಂದಕ್ಕೆ ಮೂರು ಮೂರರಂತೆ ಒಂಬತ್ತು ಫ್ಯಾನ್ ಹಾಕಿದ. 1897ರ ಜೂನ್ 26ರಂದು ಸ್ಪಿಟ್‌ಹೆಡ್‌ನಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾ ಪ್ರದರ್ಶನಕ್ಕೆ ನುಗ್ಗಿ 34 ನಾಟ್ ವೇಗದಲ್ಲಿ ಓಡಿಸಿ ತೋರಿಸಿದ.

ಔಟ್‌ಬೋರ್ಡ್ ಬಳಸುವವರು ಇನ್ನೊಂದು ತೊಂದರೆಯನ್ನೂ ಕ್ಯಾವಿಟೇಶನ್ ಅಂತಲೇ ಕರೆಯೋದುಂಟು. ಎಂಜಿನ್ ತುಂಬಾ ಮೇಲೆ ಕೂರಿಸಿದ್ದರೆ, ತಿರುವಿನಲ್ಲಿ ಫ್ಯಾನ್ ಮೇಲಿನ ಗಾಳಿಯನ್ನು ಎಳೆದುಕೊಂಡು ‘ವ್ರೂಂ’ ಅಂತ ಖಾಲಿ ತಿರುಗುತ್ತೆ. ಅದು ಗಾಳಿ, ಆವಿ ಅಲ್ಲ. ಅದಕ್ಕೆ ಮದ್ದು ಹೊಸ ಫ್ಯಾನ್ ಅಲ್ಲ, ಎಂಜಿನ್ ಸ್ವಲ್ಪ ಕೆಳಗಿಳಿಸೋದು. ಹೊಸ ಫ್ಯಾನ್ ಕೊಳ್ಳೋ ಮುಂಚೆ ಇದನ್ನು ನೋಡಿದರೆ ಕೆಲವು ಸಾವಿರ ಉಳಿಯುತ್ತೆ.

ಈಗ ಔಟ್‌ಬೋರ್ಡ್‌ಗೆ ಬರೋಣ. 1881ರಲ್ಲೇ ಪ್ಯಾರಿಸ್ಸಿನ ಗುಸ್ತಾವ್ ತ್ರೂವೆ ಸೇನ್ ನದಿಯಲ್ಲಿ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರ್ ಓಡಿಸಿದ್ದ. ಅದು ಬ್ಯಾಟರಿಯದ್ದು, ಎಲೆಕ್ಟ್ರಿಕ್! ಪೆಟ್ರೋಲಿನದ್ದನ್ನು ಅಮೆರಿಕದ ಕ್ಯಾಮರಾನ್ ವಾಟರ್‌ಮನ್ ಮಾರಿದ. ಆದರೆ ಮನೆಮನೆಗೆ ಮುಟ್ಟಿಸಿದ್ದು ಮಿಲ್ವಾಕಿಯ ಓಲೆ ಎವಿನ್‌ರೂಡ್. ನಾರ್ವೆಯಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವನು. ಗೆಳತಿ ಬೆಸ್‌ಗೆ ಐಸ್‌ಕ್ರೀಂ ತರೋಕೆ ಕೆರೆಯಲ್ಲಿ ಹುಟ್ಟು ಹಾಕಿ ಹಾಕಿ, ವಾಪಸ್ ಬರುವಷ್ಟರಲ್ಲಿ ಕರಗಿಹೋಗಿತ್ತು, ಆಗ ಈ ಐಡಿಯಾ ಬಂತು ಅಂತ ಎಲ್ಲರೂ ಹೇಳುವ ಕಥೆ ಇದೆ. ಅದಕ್ಕಿಂತ ಗಟ್ಟಿ ಸಂಗತಿ, ಮುಂದೆ ಹೆಂಡತಿಯಾದ ಆ ಬೆಸ್ ಜಾಹೀರಾತು, ಪತ್ರವ್ಯವಹಾರ, ಲೆಕ್ಕಪತ್ರ ಎಲ್ಲ ನೋಡಿಕೊಂಡದ್ದು. ಅವಳಿಲ್ಲದಿದ್ದರೆ ಓಲೆಯ ಮೋಟರ್ ಆ ಕೆರೆ ದಾಟುತ್ತಿರಲಿಲ್ಲ ಅಂತ ನನ್ನ ಅಂದಾಜು. 1909ರ ಮಾದರಿಗೆ ಒಂದೂವರೆ ಅಶ್ವಶಕ್ತಿ, 62 ಪೌಂಡ್ ತೂಕ, ಅಂದ್ರೆ 28 ಕೆಜಿ.

ಔಟ್‌ಬೋರ್ಡ್ ತಂದ ದೊಡ್ಡ ಬದಲಾವಣೆಯನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ. ಬ್ರೂನೆಲ್‌ಗೆ ಹಡಗೂ ಗೊತ್ತಿತ್ತು, ಎಂಜಿನ್ನೂ ಗೊತ್ತಿತ್ತು. ಅವೆರಡಕ್ಕೆ ಹೊಂದುವ ಫ್ಯಾನನ್ನು ಅವನೇ ಮಾಡಿದ. ಓಲೆಗೆ ತನ್ನ ಮೋಟರ್ ಯಾವ ದೋಣಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಒಬ್ಬನೇ ಗಾಳ ಹಾಕುವ ಹಗುರ ದೋಣಿಯೋ, ಎಂಟು ಜನ ಕೂತ ಭಾರದ ದೋಣಿಯೋ? ಪೆಟ್ಟಿಗೆಯಲ್ಲಿ ಒಂದು ಫ್ಯಾನ್ ಹಾಕಿ ಕಳಿಸಿದ. ಅಂದಿನಿಂದ ವಿನ್ಯಾಸದ ಕೊನೆಯ ಹೆಜ್ಜೆ ಎಂಜಿನಿಯರ್ ಕೈಯಿಂದ ಕೊಂಡವನ ಕೈಗೆ ಬಂತು. ಕೊಂಡವನಿಗೆ ಅದು ಗೊತ್ತೇ ಇರಲಿಲ್ಲ.

ಪುಣೆಯಿಂದ ಊರಿಗೆ ಡ್ರೈವ್ ಮಾಡುವವರಿಗೆ ಖಂಬಾಟ್ಕಿ ಘಾಟ್ ಗೊತ್ತು. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಏರಿನಲ್ಲಿ ನಾಲ್ಕನೇ ಗೇರ್. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಗೊರಗೊರ ಅನ್ನುತ್ತೆ, ಏರೋದಿಲ್ಲ. ಎರಡನೇ ಗೇರಿಗೆ ಬಂದರೆ ಸರಾಗ. ಔಟ್‌ಬೋರ್ಡ್‌ಗೆ ಮುಂದೆ ಹೋಗೋಕೆ ಒಂದೇ ಗೇರ್. ಗೇರ್ ಬದಲಿಸಬೇಕು ಅಂದ್ರೆ ಫ್ಯಾನನ್ನೇ ಬದಲಿಸಬೇಕು. ದೊಡ್ಡ ಪಿಚ್ ಅಂದ್ರೆ ನಾಲ್ಕನೇ ಗೇರ್, ಸಣ್ಣ ಪಿಚ್ ಅಂದ್ರೆ ಎರಡನೇ ಗೇರ್.

ಪ್ರತಿ ಎಂಜಿನ್ನಿನ ಪುಸ್ತಕದಲ್ಲೂ ಪೂರ್ತಿ ಥ್ರಾಟಲ್‌ನಲ್ಲಿ ಅದು ಎಷ್ಟು ಸುತ್ತು ತಿರುಗಬೇಕು ಅನ್ನೋ ಮಿತಿ ಬರೆದಿರುತ್ತೆ. ಲೆಕ್ಕಕ್ಕೆ ನಿಮಿಷಕ್ಕೆ 5000ದಿಂದ 6000 ಅಂತಿಟ್ಟುಕೊಳ್ಳಿ. ದೋಣಿಗೆ ದಿನಾ ಹಾಕುವಷ್ಟೇ ಭಾರ ಹಾಕಿ, ಟ್ಯಾಕೋಮೀಟರ್ ಸಿಕ್ಕಿಸಿ, ಪೂರ್ತಿ ಥ್ರಾಟಲ್ ಕೊಟ್ಟಾಗ 4600 ಮಾತ್ರ ಬಂತು. ಫ್ಯಾನ್ ಪಿಚ್ 13. ಇದು ಘಾಟಿನಲ್ಲಿ ನಾಲ್ಕನೇ ಗೇರ್, ಅಲೆಕ್ಟೋದ ಚಕ್ರ. ಪಿಚ್ ಒಂದು ಇಂಚು ಇಳಿಸಿದರೆ ಸುತ್ತು ಸುಮಾರು 150ರಿಂದ 200 ಏರುತ್ತೆ ಅನ್ನೋದು ಮೆಕ್ಯಾನಿಕ್‌ಗಳ ಅಂದಾಜು. ಮೂರು ಇಂಚು ಇಳಿಸಿ 10ಕ್ಕೆ ಬಂದರೆ ಸುಮಾರು 5050ರಿಂದ 5200. ಈಗ ಎಂಜಿನ್ ತನ್ನ ಶಕ್ತಿ ಪೂರ್ತಿ ಕೊಡುವ ಜಾಗಕ್ಕೆ ಬಂತು.

5200 ಅಂತ ಹಿಡಿದು ಸ್ಲಿಪ್ ನೋಡೋಣ. ಎಂಜಿನ್ನೊಳಗಿನ ಗೇರ್ ಅನುಪಾತ ಎರಡಕ್ಕೆ ಒಂದು ಅಂದ್ರೆ ಫ್ಯಾನ್ ತಿರುಗೋದು ನಿಮಿಷಕ್ಕೆ 2600 ಸುತ್ತು. ಸುತ್ತಿಗೆ 10 ಇಂಚಿನಂತೆ ಗಂಟೆಗೆ 39.6 ಕಿಲೋಮೀಟರ್ ಹೋಗಬೇಕು. ಮೊಬೈಲಿನ ಜಿಪಿಎಸ್ 30 ತೋರಿಸಿದರೆ ಸ್ಲಿಪ್ ಶೇಕಡಾ 24. ಹಗುರ ಸ್ಪೀಡ್‌ಬೋಟಿಗೆ 10ರಿಂದ 20 ಇರುತ್ತೆ. ಭಾರ ಹೊರುವ ದೋಣಿಗೆ ಅದಕ್ಕಿಂತ ಹೆಚ್ಚು, ಗಾಬರಿ ಬೇಡ. ಇನ್ನು ಖಾಲಿ ದೋಣಿಯಲ್ಲೂ ಒಮ್ಮೆ ಓಡಿಸಿ ನೋಡಬೇಕು. ಸುತ್ತು 6000 ದಾಟಿದರೆ ಪಿಚ್ ತೀರಾ ಸಣ್ಣದಾಯಿತು, ಎಂಜಿನ್ ಅತಿವೇಗಕ್ಕೆ ಹೋಗಿ ಹಾಳಾಗುತ್ತೆ. ಪಿಚ್ ಇಳಿಸುವಾಗ ವ್ಯಾಸ ಸ್ವಲ್ಪ ದೊಡ್ಡದಿರುವ ಫ್ಯಾನ್ ಸಿಕ್ಕರೆ ಭಾರದ ದೋಣಿಗೆ ಇನ್ನೂ ಒಳ್ಳೆಯದು. ನಾಲ್ಕು ರೆಕ್ಕೆಯದ್ದು ನೀರನ್ನು ಚೆನ್ನಾಗಿ ಹಿಡಿಯುತ್ತೆ, ಆದರೆ ಮೇಲಿನ ವೇಗ ಸ್ವಲ್ಪ ಹೋಗುತ್ತೆ. ಅಲ್ಯೂಮಿನಿಯಂ ಅಗ್ಗ, ಕಲ್ಲಿಗೆ ತಾಗಿದರೆ ತಾನೇ ಬಾಗಿ ಗೇರನ್ನು ಉಳಿಸುತ್ತೆ. ಸ್ಟೀಲ್ ಗಟ್ಟಿ, ದುಬಾರಿ, ಪೆಟ್ಟನ್ನು ಒಳಗಿನ ಗೇರಿಗೆ ದಾಟಿಸುವ ಭಯ ಜಾಸ್ತಿ. ಕಲ್ಲುದಂಡೆಯ ಊರಿನಲ್ಲಿ ನನ್ನ ಮತ ಅಲ್ಯೂಮಿನಿಯಂಗೆ.

ಈ ಎಲ್ಲ ನಮ್ಮ ಕಡಲಿಗೆ ಹೇಗೆ ಬಂತು? ಓಲೆ ಹುಟ್ಟಿದ ನಾರ್ವೆಯೇ ಇಲ್ಲೂ ಬರುತ್ತೆ, ಆದರೆ ಔಟ್‌ಬೋರ್ಡ್ ಹಿಡಿದುಕೊಂಡಲ್ಲ. 1952ರಲ್ಲಿ ಒಪ್ಪಂದವಾಗಿ 1953ರಲ್ಲಿ ಕೊಲ್ಲಂ ಹತ್ತಿರದ ನೀಂಡಕರೆಯಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. ಊರಿನ ದೋಣಿಗಳಿಗೇ ಎಂಜಿನ್ ಕೂರಿಸೋದು ಮೊದಲಿನ ಆಸೆ. ಅಲೆಯ ಮೇಲಿಂದ ಮರಳಿಗೆ ಎಳೆಯುವ ಆ ದೋಣಿಗಳಿಗೆ ಹೊಟ್ಟೆಯೊಳಗಿನ ಎಂಜಿನ್ ಹೊಂದಲಿಲ್ಲ. ಯೋಜನೆ ಹೊಸ ಮಾದರಿಯ ದೋಣಿಗಳ ಕಡೆ, ಆಮೇಲೆ ಸಿಗಡಿಯ ಟ್ರಾಲಿಂಗ್ ಕಡೆ ತಿರುಗಿತು. ಹುಟ್ಟು ಹಾಕುವವರು ಹುಟ್ಟು ಹಾಕುತ್ತಲೇ ಉಳಿದರು. ಟ್ರಾಲರ್‌ಗಳು ದಡದ ಹತ್ತಿರವೇ ಬಂದು ಬಾಚಿದಾಗ ಅವರ ಪಾಲಿನ ಮೀನಿಗಾಗಿ ಇನ್ನೂ ದೂರ ಹೋಗಬೇಕಾಯಿತು. 1980ರ ದಶಕದಲ್ಲಿ ಕೇರಳದ ಕರಾವಳಿಯಲ್ಲಿ ಔಟ್‌ಬೋರ್ಡ್ ಹಬ್ಬಿದ್ದು ಈ ಹಿನ್ನೆಲೆಯಲ್ಲಿ. ದಡ ಬಂದಾಗ ಎತ್ತಿ ಹಿಡಿಯಬಹುದಾದ ಎಂಜಿನ್ ಅಲ್ಲವೇ. ತಿರುವನಂತಪುರದ ಮೀನುಗಾರ ಸಂಘಗಳ ಒಕ್ಕೂಟ ಸಿಫ್ಸ್ ಪ್ಲೈವುಡ್ ದೋಣಿ ಕಟ್ಟಿ, ಎಂಜಿನ್ ತರಿಸಿ, ರಿಪೇರಿ ಕೇಂದ್ರವನ್ನೂ ನಡೆಸಿತು. ಮೊದಲು ಹತ್ತರೊಳಗಿನ ಅಶ್ವಶಕ್ತಿ, ಆಮೇಲೆ 25, 40. ಪಕ್ಕದವನು ದೊಡ್ಡದು ಹಾಕಿದ ಅಂತ ಇವನೂ.

ನಮ್ಮ ಕರಾವಳಿಯ ನಾಡದೋಣಿಗಳಿಗೂ ಇದೇ ಎಂಜಿನ್‌ಗಳು ಬಂದವು. ಹೆಚ್ಚಿನವು ಸೀಮೆಎಣ್ಣೆಯವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ಸಬ್ಸಿಡಿ ಸೀಮೆಎಣ್ಣೆ ಈ ತಿಂಗಳು ಬಂತಾ ಇಲ್ಲವಾ ಅನ್ನೋದರ ಮೇಲೆ ಮನೆಯ ಒಲೆ ನಿಂತಿರುತ್ತೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ನಿಷೇಧ ಇದ್ದಾಗ 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗೆ ಮಾತ್ರ ಅವಕಾಶ. ಅಂದ್ರೆ ಮಳೆಗಾಲದ ಕಡಲು, ಜನ, ಬಲೆ, ಮೀನು, ಎಲ್ಲವನ್ನೂ 10 ಅಶ್ವಶಕ್ತಿ ಎಳೆಯಬೇಕು. ಅಲ್ಲಿ ಫ್ಯಾನಿನ ಎರಡು ಇಂಚು ಪಿಚ್ ಅಂದ್ರೆ ಅಳಿವೆಯ ಬಾಯಲ್ಲಿ ಅಲೆ ಏರುವ ಮುಂಚೆ ಒಳಗೆ ಬಂದುಬಿಡೋಕೆ ಬೇಕಾದ ಎಳೆತ. ಸಣ್ಣ ಎಂಜಿನ್‌ಗೆ ದೊಡ್ಡ ಗೇರ್ ಅನುಪಾತ, ಅಗಲ ಫ್ಯಾನ್ ಇರುವ ‘ಹೈ ಥ್ರಸ್ಟ್’ ಮಾದರಿಗಳು ಇರೋದು ಇಂಥ ಕೆಲಸಕ್ಕೇ.

ನಗರದಲ್ಲಿರುವ ನಾವು ಈ ಫ್ಯಾನ್‌ಗಳನ್ನು ಹತ್ತಿರದಿಂದ ನೋಡಿದ್ದು ನೀರು ನಮ್ಮ ಬಾಗಿಲಿಗೆ ಬಂದಾಗ. 2015ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿದ್ದವರಿಗೆ ನೆನಪಿರುತ್ತೆ, ಬೀದಿಗೆ ಮೀನುಗಾರರ ದೋಣಿ ಬಂದಿತ್ತು. 2018ರ ಆಗಸ್ಟ್‌ನಲ್ಲಿ ಕೇರಳದ ಕರಾವಳಿಯಿಂದ ಲಾರಿಗಳ ಮೇಲೆ ದೋಣಿ ಏರಿಸಿಕೊಂಡು ಚೆಂಗನ್ನೂರಿನ ಕಡೆ ಹೋದ ಮೀನುಗಾರರು ಸಾವಿರಾರು ಜನರನ್ನು ಹೊರತಂದರು. ಕಡಲಿಗಾಗಿ ಹಾಕಿದ ಫ್ಯಾನ್‌ಗಳು ಅವು. ಊರಿನ ನೀರಿನಡಿ ಕಾಂಪೌಂಡ್ ಗೋಡೆ, ಬೇಲಿ, ಕಂಬ ಇರುತ್ತವೆ, ಯಾವುದೂ ಕಾಣೋದಿಲ್ಲ. ಎಷ್ಟೋ ದೋಣಿಗಳು ಹಾನಿಯಾಗಿ ವಾಪಸಾದವು.

ಈಗ ಇನ್ನೊಂದು ಬದಲಾವಣೆ ನಡೀತಾ ಇದೆ. ಸೀಮೆಎಣ್ಣೆ ಹಂಚಿಕೆ ಕಡಿಮೆಯಾಗುತ್ತಾ ಬಂದಿದೆ, ಪೆಟ್ರೋಲ್ ಎಂಜಿನ್‌ಗೆ ಬದಲಾಗಿ ಅನ್ನೋ ಒತ್ತಡ ಹೆಚ್ಚಾಗ್ತಾ ಇದೆ. ಹಳೆಯ ಟೂ-ಸ್ಟ್ರೋಕ್ ತೆಗೆದು ಫೋರ್-ಸ್ಟ್ರೋಕ್ ಹಾಕಿದಾಗ ಅಶ್ವಶಕ್ತಿ ಅಷ್ಟೇ ಇದ್ದರೂ ತೂಕ ಬೇರೆ, ಗೇರ್ ಅನುಪಾತ ಬೇರೆ, ಶಕ್ತಿ ಸಿಗುವ ಸುತ್ತು ಬೇರೆ. ಹಳೆಯ ದೋಣಿಗೆ ಸರಿಯಿದ್ದ ಪಿಚ್ ಸಂಖ್ಯೆ ಹೊಸ ಎಂಜಿನ್‌ಗೆ ನಡೆಯೋದಿಲ್ಲ. ಸಬ್ಸಿಡಿಯ ಮಾತೆಲ್ಲ ಎಂಜಿನ್ನಿನ ಬೆಲೆಯ ಸುತ್ತಲೇ ನಡೆಯುತ್ತೆ. ಹೊಸ ಎಂಜಿನ್ ಕೊಡುವ ದಿನವೇ ಒಂದು ಟ್ಯಾಕೋಮೀಟರ್, ಮೂರು ಬೇರೆ ಪಿಚ್ಚಿನ ಫ್ಯಾನ್ ಇಟ್ಟುಕೊಂಡು, ತುಂಬಿದ ದೋಣಿಯಲ್ಲಿ ಒಂದು ಗಂಟೆ ಓಡಿಸಿ ನೋಡಿ ಕೊಡೋಕೆ ಏನು ಕಷ್ಟ? ರ‍್ಯಾಟ್ಲರ್‌ನಲ್ಲಿ ಅವರು ಒಂದೊಂದು ಸಲಕ್ಕೂ ಟನ್‌ಗಟ್ಟಲೆ ಕಬ್ಬಿಣ ಬಿಚ್ಚಿ ಜೋಡಿಸಿದ್ದರು. ಇಲ್ಲಿ ಒಂದು ಪಿನ್, ಒಂದು ನಟ್, ಹತ್ತು ನಿಮಿಷ.